ಎಂಜಿನ್ ಒರೆಸುವ ನೂಲು

ನಮ್ಮ ಬೈಲಹೊಂಗಲಕ್ಕೆ ರೈಲಿಲ್ಲ. ಸವದತ್ತಿಗೂ ಇಲ್ಲ, ರಾಮದುರ್ಗಕ್ಕೂ ಇಲ್ಲ. ಕಿತ್ತೂರಿನ ಮೇಲೆ ಹಾಯ್ದು ಬರುತ್ತದಂತೆ ಎಂದು ಕೇಳಿಸಿಕೊಳ್ಳುತ್ತಲೇ ನನ್ನ ಕೂದಲು ಬೆಳ್ಳಗಾದವು. ರೈಲು ಹತ್ತಬೇಕೆಂದರೆ ಮೊದಲು ಬಸ್ಸಿನಲ್ಲಿ ಬೆಳಗಾವಿಗೋ ಧಾರವಾಡಕ್ಕೋ ಹೋಗಿ ಅರ್ಧ ದಣಿಯಬೇಕು. ಇಂಥ ಊರಿನಲ್ಲಿ ಕುಳಿತವಳು ಒಂದು ಉಗಿ ಎಂಜಿನ್ನಿನ ಚಿಂತೆಯಲ್ಲಿ ಊಟ ಬಿಟ್ಟಿದ್ದೆ ಎಂದರೆ ನಂಬುವವರು ಕಡಿಮೆ. ಆದರೂ ಹೇಳುತ್ತೇನೆ.

ನನ್ನದು ವೇಸ್ಟು ನೂಲಿನ ವ್ಯಾಪಾರ. ಮಗ್ಗದ ಕೆಳಗೆ ಬೀಳುವ ತುಂಡು ನೂಲು, ಲಾಳಿಗೆ ಹಾಕುವ ಕಂಡಿಕೆಯ ತುದಿ, ಗಂಟು ಬಿದ್ದ ಎಳೆ, ಇವನ್ನೆಲ್ಲ ರಾಮದುರ್ಗದ ಮಗ್ಗದವರಿಂದ ಚೀಲಗಟ್ಟಲೆ ತಂದು, ನನ್ನ ಪತ್ರಾಸಿನ, ಎಂದರೆ ತಗಡಿನ ಚಾವಣಿಯ ಶೆಡ್ಡಿನಲ್ಲಿ ಹೆಂಗಸರ ಕೈಯಿಂದ ಆರಿಸಿ, ಗ್ಯಾರೇಜಿನವರಿಗೆ, ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಮಾರುತ್ತೇನೆ. ಗಾಡಿ ರಿಪೇರಿ ಮಾಡುವವನು ಕೈಗೆ ಹತ್ತಿದ ಎಣ್ಣೆಯನ್ನು ಒಂದು ಹಿಡಿ ನೂಲಿನಿಂದ ಒರೆಸಿಕೊಂಡು ಮೂಲೆಗೆ ಎಸೆಯುವುದನ್ನು ನೀವು ನೋಡಿರಬಹುದು. ಆ ಒಂದು ಹಿಡಿಯೇ ನನ್ನ ಅನ್ನ.

ನಾನು ಹತ್ತಿ ಹಿಂಜುವ ಪಿಂಜಾರರ ಮಗಳು. ಅಪ್ಪ ಬಿಲ್ಲಿನಂಥ ಕಮಾನನ್ನು ಹೆಗಲಿಗೇರಿಸಿಕೊಂಡು ಓಣಿ ಓಣಿ ತಿರುಗಿ, ಜನರ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದ. ಅಂಗಡಿಗಳಿಗೆ ಫೋಮಿನ ಗಾದಿ ಬಂದವು, ಅಪ್ಪನ ಕಮಾನು ಗೋಡೆಗೆ ಹೋಯಿತು. ನಾನು ಖಾಲಿ ಚೀಲ ಹಿಡಿದು ರಾಮದುರ್ಗದ ಬಸ್ಸು ಹತ್ತಿದ್ದು ಆಮೇಲೆ. “ಈ ಕಸಾ ತೊಗೊಂಡು ಏನ ಮಾಡ್ತೀರಿ?” ಎಂದು ಮಗ್ಗದವರು ಕೇಳಿದರೆ, “ನಿಮ್ಮ ಜಾಗಾ ಸ್ವಚ್ಛ ಆಗತೈತಲ್ರಿ” ಎನ್ನುತ್ತಿದ್ದೆ. ಅವರಿಗೆ ಉಪಕಾರ ಮಾಡುವವಳ ಮುಖ ಮಾಡಿಕೊಂಡು ಮಾಲು ಎತ್ತುತ್ತಿದ್ದೆ. ಹೊಸದಾಗಿ ವ್ಯಾಪಾರಕ್ಕೆ ಇಳಿದವರಿಗೆ ಒಂದು ಮಾತು: ಕೊಳ್ಳಲು ಹೋದಾಗ ಬೇಕಾದ ಮಾಲನ್ನೇ ನೋಡುತ್ತ ನಿಲ್ಲಬೇಡಿ. ಪಕ್ಕದ ಗೋಡೆ ನೋಡಿ. ಗೋಡೆಗೆ ರೇಟಿಲ್ಲ.

ಶೆಡ್ಡಿನಲ್ಲಿ ಮೊದಲ ದಿನದಿಂದ ನನ್ನ ಜೊತೆ ಇದ್ದವಳು ಒಬ್ಬಳೇ. ನನಗಿಂತ ಹತ್ತು ವರ್ಷ ಹಿರಿಯಳು, ರಾಮದುರ್ಗದ ನೇಕಾರರ ಮನೆಯಲ್ಲಿ ಹುಟ್ಟಿ ಬೈಲಹೊಂಗಲಕ್ಕೆ ಸೊಸೆಯಾಗಿ ಬಂದವಳು. ನಾನು ಅವಳಿಗೆ ಅಕ್ಕ ಎನ್ನುತ್ತೇನೆ. ಅವಳು ಸಿಟ್ಟಿಲ್ಲದಾಗ ನನಗೆ ತಂಗಿ ಎನ್ನುತ್ತಾಳೆ, ಸಿಟ್ಟು ಬಂದಾಗ ಸಾವಕಾರ್ತಿ ಎನ್ನುತ್ತಾಳೆ. ಯಾವ ರಾಶಿ ಯಾವ ಮಗ್ಗದ್ದು ಎಂಬುದನ್ನು ಮುಟ್ಟಿಯೇ ಹೇಳುತ್ತಿದ್ದಳು. ಈಗ ಕಣ್ಣು ಮಂಜಾಗಿವೆ, ಬೆರಳು ಸೊಟ್ಟಗಾಗಿವೆ, ನಾಲಗೆ ಮಾತ್ರ ಮೊದಲಿನ ಹಾಗೇ ಇದೆ.

ಇತ್ತೀಚೆಗೆ ವ್ಯಾಪಾರ ಸೊರಗಿತ್ತು. ಗ್ಯಾರೇಜಿನವರು ರೆಡಿಮೇಡ್ ಬಟ್ಟೆಯ ಸುರುಳಿ ತರಿಸಲು ಶುರು ಮಾಡಿದರು. ಪ್ರೆಸ್ಸುಗಳು ಒಂದೊಂದಾಗಿ ಬಾಗಿಲು ಹಾಕಿದವು. ಆರಿಸುವ ಹೆಂಗಸರಲ್ಲಿ ಅರ್ಧ ಜನ ಬೇರೆ ಕೆಲಸ ನೋಡಿಕೊಂಡರು. ನನಗೂ ಎದೆಯಲ್ಲಿ ಧೂಳು, ಮೊಣಕಾಲಿನಲ್ಲಿ ನೋವು. ಟೈಲ್ಸಿನ ಅಂಗಡಿಯವರೊಬ್ಬರು ಗೋಡೌನು ಮಾಡಲು ಶೆಡ್ಡನ್ನು ಬಾಡಿಗೆಗೆ ಕೇಳುತ್ತಿದ್ದರು. ಕೊಟ್ಟುಬಿಡೋಣ ಎಂದು ಮನಸ್ಸು ಮಾಡಿದ್ದೆ, ಅಕ್ಕನಿಗೆ ಹೇಗೆ ಹೇಳುವುದು ಎಂಬುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಹುಬ್ಬಳ್ಳಿಯ ಫಿಟರ್ ಬಂದರು.

ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಮಹಾರಾಷ್ಟ್ರದ ಕಡೆ ಗುಡ್ಡ ಹತ್ತುವ ಒಂದು ಸಣ್ಣ ರೈಲಿದೆಯಂತೆ, ಜನರಿಗೆ ಹಳೆಯ ಕಾಲ ತೋರಿಸಲೆಂದೇ ಓಡಿಸುವುದು. ಅಲ್ಲಿ ಸ್ಟೇಶನ್ನಿನ ಮುಂದೆ ಗೊಂಬೆಯ ಹಾಗೆ ನಿಲ್ಲಿಸಿದ್ದ ಉಗಿ ಎಂಜಿನ್ನನ್ನು ಬಿಚ್ಚಿ, ಒಳಗಿನ ಕೊಳವೆಗಳನ್ನೆಲ್ಲ ಬದಲಿಸಿ, ಮತ್ತೆ ಬೆಂಕಿ ಹಾಕಿ ಓಡಿಸುವ ಕೆಲಸಕ್ಕೆ ಇವರನ್ನು ಕರೆಸಿಕೊಂಡಿದ್ದರು. ಚಿಮಣಿಯೊಳಗೆ ಹಕ್ಕಿ ಗೂಡು ಕಟ್ಟಿತ್ತು ಎಂದರು. ಎಂಜಿನ್ನು ಓಡಿತು, ಆದರೆ ಅದನ್ನು ಒರೆಸಲು ಶುದ್ಧ ಹತ್ತಿಯ ವೇಸ್ಟು ಪೇಟೆಯಲ್ಲಿ ಎಲ್ಲೂ ಸಿಗುತ್ತಿಲ್ಲ. ಅದಕ್ಕೇ ಹುಡುಕಿಕೊಂಡು ಬಂದಿದ್ದರು.

“ಉಗಿ ಎಂಜಿನ್ ಅಂದ್ರ ಎಮ್ಮಿ ಇದ್ದಂಗ್ರಿ ಅಕ್ಕಾರ. ದಿನಾ ಮೈ ತಿಕ್ಕಬೇಕು. ಬಿಟ್ರ ತುಕ್ಕು ಹಿಡೀತೈತಿ,” ಎಂದರು. “ಆದ್ರ ಪಾಲಿಸ್ಟರ್ ಒಂದೆಳಿ ಇರಬಾರದು. ಕಾದ ಕಬ್ಬಿಣಕ್ಕ ಹತ್ತಿದ್ರ ಕರಗಿ ಕುಂಡರತೈತಿ.”

ಶೆಡ್ಡಿನಿಂದ ದೂರ, ರಸ್ತೆಯ ಅಂಚಿಗೆ ಹೋಗಿ ನನ್ನ ನೂಲಿಗೆ ಕಡ್ಡಿ ಗೀರಿ ನೋಡಿದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಸ್ಟರ್ ಆದರೆ ಮುರುಟಿ ಕರಿಯ ಮಣಿಯಾಗಿ ಗಟ್ಟಿಯಾಗುತ್ತದೆ. ನನ್ನದು ಬೂದಿಯಾಗಿ ಉದುರಿತು. ಆಮೇಲೆ ರೇಟಿನ ಮಾತು. ಹುಬ್ಬಳ್ಳಿಯವರು, ಬಿಡುತ್ತಾರೆಯೇ? ನಾನೂ ಬಿಡಲಿಲ್ಲ. ಎರಡು ಸಲ ಚಹಾ ತರಿಸಿದೆ, ಎರಡು ಸಲ ಅವರು ಎದ್ದು ಹೊರಟಂತೆ ಮಾಡಿದರು, ಕೊನೆಗೆ ಲಾರಿಯ ಬಾಡಿಗೆಯನ್ನು ಅವರ ತಲೆಗೇ ಕಟ್ಟಿದೆ. ಟೈಲ್ಸಿನವರಿಗೆ ಸದ್ಯಕ್ಕೆ ಇಲ್ಲ ಎಂದು ಹೇಳಿ ಕಳಿಸಿದೆ. ಈ ಒಂದು ಆರ್ಡರು ಇರುವವರೆಗೆ ಶೆಡ್ಡಿನ ಬಾಗಿಲು ತೆರೆದಿರುತ್ತದೆ, ಅಕ್ಕನೂ ಉಳಿದವರೂ ಬೆಳಿಗ್ಗೆ ಬಂದು ಕುಳಿತುಕೊಳ್ಳುತ್ತಾರೆ. ಇಷ್ಟೇ ನನ್ನ ಲೆಕ್ಕ.

ಮೊದಲು ಕಳಿಸಿದ ಚೀಲಗಳು ಚೆನ್ನಾಗಿ ಹೋದವು. ಫಿಟರಿಗೆ ಸಂತೋಷವಾಗಿ ನನ್ನ ಮೊಬೈಲಿಗೆ ಎಂಜಿನ್ನಿನ ಫೋಟೊ ಕಳಿಸಿದರು. ಕರಿಯ ಮೈ, ಕೆಂಪು ಗಾಲಿ, ಚಿಮಣಿಯ ತುದಿಗೆ ತಾಮ್ರದ ದೊಡ್ಡ ಉಂಗುರ. ಹೆಂಗಸರೆಲ್ಲ ಮೊಬೈಲಿನ ಮೇಲೆ ಬಾಗಿದರು. ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. “ಇದನ್ನ ನಮ್ಮ ನೂಲಿಲೆ ಒರಸ್ತಾರ?” ಎಂದು ಕೇಳಿದಳು. ಹೌದು ಎಂದೆ. ಅಷ್ಟೇ ಮಾತು. ನಾನು ಮೊಬೈಲು ಕಸಿದುಕೊಂಡು ಮಾಲು ತರಲು ಹೋದೆ.

ಮುಂದಿನ ಚೀಲ ಹೋದ ಮೇಲೆ ಫಿಟರ್ ಫೋನು ಮಾಡಿದರು.

“ಅಕ್ಕಾರ, ನಿಮ್ಮ ಹತ್ತಿ ಕರಗೇತ್ರಿ.”

“ಹತ್ತಿ ಎಲ್ಲ್ಯರೆ ಕರಗತೈತೇನ್ರಿ? ಸುಡತೈತಿ.”

“ನಾನೂ ಅದನ್ನಽ ಅನ್ನೂದು. ಕರಗೇತಿ ಅಂದ್ರ ಅದು ಹತ್ತಿ ಅಲ್ಲ.”

ಎಂಜಿನ್ನಿನ ಮುಂದಿನ ದುಂಡು ಬಾಗಿಲು, ಚಿಮಣಿಯ ಬುಡ, ಆ ತಾಮ್ರದ ಉಂಗುರ, ಎಲ್ಲಿ ಕಾವು ಹೆಚ್ಚೋ ಅಲ್ಲೆಲ್ಲ ನೂಲು ಕರಗಿ ಕಂದು ಬಣ್ಣದ ಅಂಟಾಗಿ ಕೂತಿದೆಯಂತೆ. ರವಿವಾರ ಜನ ಬರುವ ದಿನ, ಎಂಜಿನ್ನು ಓಡಲೇಬೇಕು. ಅಲ್ಲಿಯ ಸಾಹೇಬರು ಸಿಟ್ಟಾಗಿ, ಈ ಆರ್ಡರು ಬಂದ್ ಮಾಡಿ ಮುಂಬೈಯಿಂದ ಬಟ್ಟೆಯ ಸುರುಳಿ ತರಿಸಿ ಎಂದಿದ್ದಾರಂತೆ.

“ನೀವೇನಂದ್ರಿ?”

“ನಾ ಏನನ್ನಲಿ? ನಿಮ್ಮನ್ನ ಹುಡಿಕ್ಯಾಡಿ ತಂದಾವ ನಾನಽ.”

“ನಾ ಬರೂತನಾ ತಡಸ್ರಿ.”

“ಬಂದು ಏನ ಮಾಡ್ತೀರಿ ಅಕ್ಕಾರ?”

“ಒರಸ್ತೇನಿ,” ಎಂದೆ.

ಶೆಡ್ಡಿನಲ್ಲಿ ಕೇಳಿದೆ, ಪಾಲಿಸ್ಟರ್ ಹೇಗೆ ಸೇರಿತು ಎಂದು. ರಾಮದುರ್ಗದ ಮಗ್ಗಗಳಲ್ಲಿ ಈಗ ಎರಡೂ ನಮೂನೆಯ ನೂಲು ನೇಯುತ್ತಾರೆ, ಚೀಲದಲ್ಲಿ ಎರಡೂ ಕೂಡಿಯೇ ಬರುತ್ತವೆ. ಬೇರೆ ಮಾಡುವುದಕ್ಕೇ ನಾವು ಇರುವುದು. ಒಂದೆರಡು ಎಳೆ ತಪ್ಪಿ ಹೋಗಿದ್ದರೆ ಇಷ್ಟು ಅಂಟುವುದಿಲ್ಲ, ಯಾರೋ ಹಿಡಿ ಹಿಡಿ ಹಾಕಿದ್ದಾರೆ. ಟೈಲ್ಸಿನವರ ವಿಷಯವನ್ನು ಆಗ ಎಲ್ಲರ ಮುಂದೆ ಹೇಳಿಬಿಟ್ಟೆ. ಆರ್ಡರು ಹೋದರೆ ಶೆಡ್ಡು ಹೋಯಿತು ಎಂದೆ. ಅಕ್ಕ ತನ್ನ ಮುಂದಿನ ರಾಶಿಯನ್ನು ನೋಡುತ್ತ ಕುಳಿತಿದ್ದಳು.

“ನಾನೂ ಬರತೇನಿ,” ಎಂದಳು.

ಅವಳು ರಾಮದುರ್ಗದ ಬಸ್ಸು ಬಿಟ್ಟರೆ ಬೇರೆ ಬಸ್ಸು ಹತ್ತಿದವಳಲ್ಲ. “ನಿನ್ನ ಮೊಣಕಾಲಿನ ಗತಿ?” ಎಂದೆ.

“ನಿನ್ನವೇನು ಹೊಸಾವಾ?”

ನಾವಿಬ್ಬರೂ ಆರಿಸಿದ ಹೊಸ ಚೀಲವೊಂದನ್ನು ಜೊತೆಗೆ ಕಟ್ಟಿಕೊಂಡು ಹೊರಟೆವು. ಆ ನೂಲನ್ನು ಹಿಡಿ ಹಿಡಿಯಾಗಿ ತೆಗೆದು ರಸ್ತೆಯ ಅಂಚಿನಲ್ಲಿ ಸುಟ್ಟು ನೋಡಿದ್ದೆ. ಬೆಳಗಾವಿಯ ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೂ ಟಿಕೀಟು ಕೇಳಿದ. ಬೇರೆ ದಿನವಾದರೆ ಅವನ ಜೊತೆ ಊರು ಬರುವವರೆಗೆ ವಾದ ಮಾಡುತ್ತಿದ್ದೆ. ಅಂದು ಕೊಟ್ಟುಬಿಟ್ಟೆ. ರೈಲಿನಲ್ಲಿ ಸೀಟಿನ ಕೆಳಗೆ ಚೀಲ ಹೋಗಲಿಲ್ಲ, ಕಾಲ ಮೇಲೆಯೇ ಇಟ್ಟುಕೊಂಡು ಕುಳಿತೆವು. ಕಾಲು ಮರಗಟ್ಟಿದವು. ಅಕ್ಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ನನ್ನ ಕೈಗಿಟ್ಟಳು, ತಾನು ತಿನ್ನಲಿಲ್ಲ. ಹುಷಾರಿಲ್ಲವೇ ಎಂದು ಕೇಳಿದರೆ ಕಿಡಕಿಯ ಕಡೆ ಮುಖ ಮಾಡಿದಳು. ನಾನು ಸಾಹೇಬರ ಮುಂದೆ ಏನೇನು ಹೇಳಬೇಕು, ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಎಂದು ತಲೆಯಲ್ಲಿ ಮಾತು ಜೋಡಿಸುತ್ತಿದ್ದೆ. ವ್ಯಾಪಾರದಲ್ಲಿ ಮೊದಲು ದಣಿಯುವುದು ಕಾಲಲ್ಲ, ಈ ಮಾತು ಜೋಡಿಸುವ ಜಾಗ.

ಶನಿವಾರ ಬೆಳಿಗ್ಗೆ ಆ ಗುಡ್ಡದ ಬುಡದ ಎಂಜಿನ್ ಶೆಡ್ಡಿಗೆ ಮುಟ್ಟಿದೆವು. ಕಲ್ಲಿದ್ದಲು, ಎಣ್ಣೆ, ಅದರ ಮೇಲೆ ಪ್ಲಾಸ್ಟಿಕ್ಕು ಸುಟ್ಟ ಕಮಟು. ಎಂಜಿನ್ನು ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ, ನಮ್ಮೂರ ಕಬ್ಬಿನ ಟ್ರ್ಯಾಕ್ಟರಿಗಿಂತ ಸ್ವಲ್ಪ ಎತ್ತರ. ಬೆಂಕಿ ಆರಿಸಿ ತಣ್ಣಗಾಗಲು ಬಿಟ್ಟಿದ್ದರು. ಮುಂದಿನ ಬಾಗಿಲಿನ ಮೇಲೆ ಕಂದು ಅಂಟು ಗೆರೆ ಗೆರೆಯಾಗಿ ಇಳಿದಿತ್ತು, ಅದರಲ್ಲಿ ಎಳೆಗಳು ಕೂದಲಿನ ಹಾಗೆ ಸಿಕ್ಕಿಬಿದ್ದಿದ್ದವು. ಫೋಟೊದಲ್ಲಿ ಹೊಳೆಯುತ್ತಿದ್ದ ತಾಮ್ರದ ಉಂಗುರ ಹಾಲು ಉಕ್ಕಿ ಸೀದ ಪಾತ್ರೆಯ ಅಂಚಿನಂತೆ ಕಾಣುತ್ತಿತ್ತು.

ಫಿಟರ್ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಅರ್ಧ ಬಳಸಿದ ನಮ್ಮ ಚೀಲವನ್ನು ತಂದು ಮುಂದಿಟ್ಟರು. ಅಕ್ಕ ನೆಲಕ್ಕೆ ಕುಳಿತು ಅದರೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಹಿಡಿ ತೆಗೆದಳು. ಬಿಳಿ, ಮೆತ್ತಗೆ, ಥಳಥಳ ಹೊಳೆಯುವ ನೂಲು. ಸೀರೆಯ ಮಗ್ಗದ್ದು.

“ಇದನ್ನ ನಾ ಹಾಕಿದ್ದು,” ಎಂದಳು.

ಫಿಟರ್ ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ.

“ಯಾಕವ್ವಾ?” ಎಂದು ಅವರೇ ಕೇಳಿದರು.

“ನೀವು ಫೋಟೊ ಕಳಿಸಿದ್ರಲ್ಲಪಾ. ಅಷ್ಟು ಚಂದ ಐತಿ. ಮದುವಿ ಮಗಳ ಮಾರಿ ಒರಸಾಕ ಗೋಣಿತಟ್ಟು ಕೊಡ್ತಾರೇನು? ಗ್ಯಾರೇಜಿನ ನೂಲು ಹಾಕೂದು ಬ್ಯಾಡ ಅಂತ ಚಲೋದ್ದಽ ಆರಿಸಿ ಆರಿಸಿ ತುಂಬಿದೆ.” ಹಿಡಿಯಲ್ಲಿದ್ದ ನೂಲನ್ನು ಬೆರಳಿನಿಂದ ಎಳೆದು, “ನಮ್ಮಪ್ಪನ ಮಗ್ಗದಾಗೂ ಹಿಂಗಽ ಹೊಳಿಯೂ ನೂಲು ಬರತಿತ್ತು. ಅದು ಹತ್ತೀನಽ ಇತ್ತು. ಹಾಲು ಕುಡದಂಗ ಹೊಳೀತಿತ್ತು. ಇದೂ ಅದಽ ಅಂದ್ಕೊಂಡೆ,” ಎಂದಳು.

“ಸುಟ್ಟು ನೋಡಬೇಕಿಲ್ಲೇನವ್ವಾ?”

“ಹತ್ತಿ ಶೆಡ್ಡಿನ್ಯಾಗ ಕಡ್ಡಿ ಗೀರಿದ್ರ ಈಕಿ ನನ್ನ ಸುಡ್ತಾಳ.”

ಅದು ನಿಜ. ಹತ್ತಿ ಇರುವಲ್ಲಿ ಬೆಂಕಿಪೊಟ್ಟಣ ತರಕೂಡದು ಎಂಬುದು ಅಪ್ಪನಿಂದ ಬಂದ ನಿಯಮ. ಮೊದಲ ಚೀಲಗಳನ್ನು ನಾನೇ ಹೊರಗೆ ಒಯ್ದು ಸುಟ್ಟು ನೋಡಿದ್ದೆ. ಆಮೇಲೆ ಅಕ್ಕನ ಕೈ ಮುಟ್ಟಿದ್ದನ್ನು ಮತ್ತೆ ನೋಡುವುದೇನು ಎಂದು ಬಿಟ್ಟಿದ್ದೆವು. ಇಷ್ಟು ವರ್ಷ ಆ ಕೈ ತಪ್ಪಿರಲಿಲ್ಲ.

ಫಿಟರ್ ನಕ್ಕರು. ಸಂತೋಷದ ನಗುವಲ್ಲ, ದಣಿದವರು ಬೇರೆ ದಾರಿ ಇಲ್ಲದೆ ನಗುವ ನಗು. “ಸಂಜೀಕ ಸಾಹೇಬ್ರು ಬರತಾರ. ಅಷ್ಟರಾಗ ಇದು ಸ್ವಚ್ಛ ಆದ್ರ ಮಾತಾಡಾಕ ಬಾಯಿ ಇರತೈತಿ,” ಎಂದು ಹಿತ್ತಾಳೆಯ ಕೆರೆಯುವ ಪಟ್ಟಿ, ಮರದ ಚಕ್ಕೆ, ಒಂದು ಡಬ್ಬಿ ಸೀಮೆಎಣ್ಣೆ ತಂದುಕೊಟ್ಟರು. ಕಬ್ಬಿಣದಿಂದ ಕೆರೆದರೆ ತಾಮ್ರಕ್ಕೆ ಗೀರು ಬೀಳುತ್ತದೆ ಎಂದು ಹೇಳಿ ಹೋದರು.

ಹಲಗೆ ಕಟ್ಟಿಸಿಕೊಂಡು ಹತ್ತಿ ಕುಳಿತೆವು. ಅಕ್ಕ ಉಂಗುರ ಹಿಡಿದಳು, ನಾನು ಬಾಗಿಲು. ಸೀಮೆಎಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಚಕ್ಕೆಯಿಂದ ಎಬ್ಬಿಸಿದರೆ ಉಗುರಿನಷ್ಟು ಬರುತ್ತದೆ. ಮತ್ತೆ ಹಚ್ಚಬೇಕು. ಬಿಸಿಲು ಪತ್ರಾಸಿನ ಮೇಲೆ ಏರಿದ ಹಾಗೆ ಬೆನ್ನು ಬಿಗಿಯಿತು. ಎಂಜಿನ್ನಿನ ಕೆಳಗೆ ಎಣ್ಣೆ ಹಾಕುತ್ತಿದ್ದ, ಫಿಟರ್ ಜೊತೆ ಬಂದಿದ್ದ ಹುಬ್ಬಳ್ಳಿಯ ಇನ್ನೊಬ್ಬ ಕೆಲಸಗಾರರು ತಲೆ ಹೊರಹಾಕಿ, “ಅಕ್ಕಾರ, ಇಬ್ಬರಿಗೂ ಇಲ್ಲೇ ನೌಕರಿ ಕೊಡಸೂಣೇನು?” ಎಂದರು.

“ಮೊಣಕಾಲು ಹೊಸಾವು ಕೊಡಸ್ತೀರೇನು ಮದಲ ಕೇಳಿ ಬರ್ರಿ,” ಎಂದಳು ಅಕ್ಕ.

ಕೆರೆಯುತ್ತ ಕೆರೆಯುತ್ತ ನನಗೆ ಅನ್ನಿಸಿತು: ಟೈಲ್ಸಿನವರಿಗೆ ಹೂಂ ಎಂದಿದ್ದರೆ ಈಗ ಮನೆಯಲ್ಲಿ ಕಾಲು ಚಾಚಿ ಕುಳಿತಿರುತ್ತಿದ್ದೆ. ಯಾರ ಸಲುವಾಗಿ ಇದು? ಅಕ್ಕನ ಸಲುವಾಗಿ ಎಂದು ಹೇಳಿಕೊಳ್ಳುವುದು ಚಂದ ಕೇಳುತ್ತದೆ, ಆದರೆ ಅರ್ಧವೇ ನಿಜ. ಶೆಡ್ಡಿಲ್ಲದ ಬೆಳಗು ಹೇಗಿರುತ್ತದೆಂದು ನನಗೂ ಗೊತ್ತಿರಲಿಲ್ಲ. ಅಪ್ಪ ಕಮಾನು ಗೋಡೆಗೆ ಹಾಕಿದ ಮೇಲೆ ದಿನಾ ಬೆಳಿಗ್ಗೆ ಓಣಿಯ ತುದಿವರೆಗೆ ಹೋಗಿ ಸುಮ್ಮನೆ ತಿರುಗಿ ಬರುತ್ತಿದ್ದ.

ಅಕ್ಕ ಒಮ್ಮೆ ಕೇಳಿದಳು. “ನನ್ನ ಮ್ಯಾಲ ಸಿಟ್ಟಾಗಿಲ್ಲೇನ ತಂಗಿ?”

“ಸಿಟ್ಟಾಗಾಕ ಕಸುವು ಉಳದಿಲ್ಲ. ಊರಿಗಿ ಹೋದಮ್ಯಾಲ ಆಗತೇನಿ.”

“ಮರೀಬ್ಯಾಡ ಮತ್ತ,” ಎಂದು ಕೆರೆಯುವುದನ್ನು ಮುಂದುವರಿಸಿದಳು.

ಬಾಗಿಲಿನ ಕರಿಯ ಬಣ್ಣ ಅಲ್ಲಲ್ಲಿ ಅಂಟಿನ ಜೊತೆಗೇ ಕಿತ್ತು ಬಂತು. ಫಿಟರ್ ಅಲ್ಲಿಗೆ ಬಣ್ಣ ತಾಗಿಸಿದರು. ಉಂಗುರ ಮಾತ್ರ ಪೂರ್ತಿ ಬಂತು. ನಾವು ತಂದಿದ್ದ ಹೊಸ ಚೀಲದಿಂದ ಬೂದುಬಣ್ಣದ ಒರಟು ನೂಲು ತೆಗೆದು ಅಕ್ಕ ಕೊನೆಯ ಸಲ ತಿಕ್ಕಿದಾಗ ಅದರಲ್ಲಿ ಅವಳ ಮುಖ ಅಡ್ಡಡ್ಡವಾಗಿ ಕಂಡಿತು.

ಸಂಜೆ ಸಾಹೇಬರು ಬಂದರು. ಚಿಕ್ಕ ವಯಸ್ಸು, ಮೆತ್ತಗಿನ ಹಿಂದಿ. ಎಂಜಿನ್ನನ್ನು ಸುತ್ತಿ ನೋಡಿದರು, ಆಮೇಲೆ ಸೀಮೆಎಣ್ಣೆ ಮೆತ್ತಿದ ನಮ್ಮಿಬ್ಬರನ್ನೂ ನೋಡಿದರು. ಯಾರು ತಪ್ಪು ಮಾಡಿದವರು ಎಂದು ಕೇಳಿದಾಗ ಫಿಟರ್ ಬಾಯಿ ತೆರೆಯುವ ಮೊದಲೇ ನಾನು, ಮಾಲು ನನ್ನ ಶೆಡ್ಡಿನದು, ಮಾತು ನನ್ನ ಜೊತೆ ಆಡಿ ಎಂದೆ. ವ್ಯಾಪಾರ ಮಾಡುವವರು ಇದನ್ನೊಂದು ನೆನಪಿಡಿ. ಗಿರಾಕಿಗೆ ಬೇಕಾದದ್ದು ತಪ್ಪಿದವರ ಹೆಸರಲ್ಲ, ಮತ್ತೆ ತಪ್ಪುವುದಿಲ್ಲ ಎಂಬ ಏರ್ಪಾಡು.

ಅವರು ಫಿಟರ್ ಜೊತೆ ಪಕ್ಕಕ್ಕೆ ಹೋಗಿ ಮಾತಾಡಿ ಬಂದರು. ಒಮ್ಮೆಗೆ ಒಂದೇ ಚೀಲ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಹಿಡಿ ತೆಗೆದು ಸುಟ್ಟು ನೋಡುತ್ತಾರೆ. ಒಂದೆಳೆ ಕರಗಿದರೂ ಚೀಲ ವಾಪಸು, ವ್ಯವಹಾರ ಮುಗಿಯಿತು. ಲಾರಿಯ ಬಾಡಿಗೆ ಇನ್ನು ಮೇಲೆ ನಮ್ಮದು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಿಯವರೆಗೆ ಬಂದವು. ಬಾಡಿಗೆಯನ್ನಾದರೂ ಅರ್ಧ ಮಾಡಿಸಬಹುದಿತ್ತು, ಮುಖ ನೋಡಿದರೆ ಬಿಡುವ ಮನುಷ್ಯ ಎಂದು ಗೊತ್ತಾಗುತ್ತಿತ್ತು. ನಾನು “ಆಗಲಿ” ಎಂದೆ. ಅಕ್ಕ ಹಿಂದಿನಿಂದ ನನ್ನ ಸೊಂಟಕ್ಕೆ ಬೆರಳು ಚುಚ್ಚಿದಳು. ನಾನು ಇನ್ನೊಮ್ಮೆ “ಆಗಲಿ” ಎಂದೆ.

ಮರುದಿನ ಎಂಜಿನ್ನು ಓಡುವುದನ್ನು ನೋಡಿಯೇ ಬರುತ್ತೇನೆಂದು ಅಕ್ಕ ಹಟ ಹಿಡಿದಳು. ಸ್ಟೇಶನ್ನಿನ ಬೆಂಚಿನ ಮೇಲೆ ಕುಳಿತು ಕಾದೆವು. ಜನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಫೋಟೊ ತೆಗೆಯುತ್ತಿದ್ದರು. ಅದು ಉಗಿ ಬಿಡುತ್ತ ನಿಧಾನವಾಗಿ ನಮ್ಮ ಮುಂದೆ ಹಾಯಿತು. ಅಕ್ಕನ ಕಣ್ಣು ಉಂಗುರದ ಮೇಲೆ ನಿಲ್ಲಲಿಲ್ಲ, ಡ್ರೈವರ್ ಕಡೆ ಹೋಯಿತು. ಡ್ರೈವರ್ ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯಲ್ಲಿ ಒಂದು ಹಿಡಿ ನೂಲು ಹಿಡಿದು ಬಾಗಿ ನೋಡುತ್ತಿದ್ದರು. ಆ ನೂಲು ಆಗಲೇ ಎಣ್ಣೆ ಕುಡಿದು ಕರ್ರಗಾಗಿತ್ತು.

“ಅದು ನಮ್ಮದಽ ಏನು?” ಎಂದು ಕೇಳಿದಳು.

“ನಮ್ಮದಽ.”

“ಕೊಳಕಾಗೇತಿ.”

“ಆಗಾಕಽ ಇರೂದು.”

ಅವಳು ತಲೆಯಾಡಿಸಿದಳು. ಒಪ್ಪಿದ್ದೋ, ಬೇಸರವಾದದ್ದೋ, ತಿಳಿಯಲಿಲ್ಲ. ಬೆಳಗಾವಿಯಲ್ಲಿ ಬೈಲಹೊಂಗಲದ ಬಸ್ಸಿಗೆ ನಿಂತಾಗ ಅಂದಳು. “ಸಾವಕಾರ್ತಿ, ಲಾರಿ ಬಾಡಿಗಿ ಮಾತಾಡಲಿಲ್ಲಲ್ಲ ನೀ.”

“ಸಾಕಾಗಿತ್ತು.”

“ಮುಂದಿನ ಚೀಲಕ್ಕ ಮಾತಾಡು.”

ಈಗ ಶೆಡ್ಡಿನ ಹೊರಗೆ, ರಸ್ತೆಯ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಚಿಮಣಿ ದೀಪ ಇಟ್ಟಿದ್ದೇವೆ. ಅಕ್ಕ ಅನುಮಾನ ಬಂದ ಎಳೆಗಳನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಿಗೆ ನಡೆದು ಹೋಗಿ, ಸುಟ್ಟು, ವಾಸನೆ ನೋಡಿ ವಾಪಸು ಬರುತ್ತಾಳೆ. ದಿನಕ್ಕೆ ಎಷ್ಟು ಸಲ ಓಡಾಡುತ್ತಾಳೋ. ಕೂತಲ್ಲೇ ಮುಟ್ಟಿ ಹೇಳುತ್ತಿದ್ದವಳು. ಕೆಲಸ ನಿಧಾನವಾಗಿದೆ, ಲಾಭ ತೆಳ್ಳಗಾಗಿದೆ, ಆದರೆ ಇದುವರೆಗೆ ಒಂದು ಚೀಲವೂ ವಾಪಸು ಬಂದಿಲ್ಲ. ಟೈಲ್ಸಿನವರು ಮೊನ್ನೆ ಮತ್ತೆ ಬಂದು ಹೋದರು. ಮಳೆಗಾಲದಲ್ಲಿ ಆ ರೈಲು ನಿಲ್ಲುತ್ತದೆ, ಆಗ ನೋಡೋಣ ಎಂದು ಕಳಿಸಿದೆ.

ನಿಮ್ಮ ಕೈಕೆಳಗೆ ಆರಿಸುವವರೋ ಹೊಲಿಯುವವರೋ ಇದ್ದರೆ, ಮಾಲು ಎಲ್ಲಿಗೆ ಹೋಗುತ್ತದೆಂದು ಅವರಿಗೆ ಫೋಟೊದಲ್ಲಿ ತೋರಿಸಬೇಡಿ. ತೋರಿಸುವುದಿದ್ದರೆ ಕರೆದುಕೊಂಡೇ ಹೋಗಿ, ಅದು ಅಲ್ಲಿ ಹೇಗೆ ಕೊಳಕಾಗುತ್ತದೆ ಎಂಬುದನ್ನೂ ನೋಡಲಿ. ನನಗೆ ಇದು ತಿಳಿಯುವ ಹೊತ್ತಿಗೆ ಅಕ್ಕನ ಮೊಣಕಾಲು ಇನ್ನಷ್ಟು ಹಾಳಾಗಿದ್ದವು.

ಹೊಳೆಯುವ ನೂಲನ್ನು ಅವಳು ಬೇರೆ ಚೀಲದಲ್ಲಿ ತುಂಬಿ ಮೂಲೆಯಲ್ಲಿ ಇಟ್ಟಿದ್ದಾಳೆ. ಅದಕ್ಕೆ ಗಿರಾಕಿ ಇಲ್ಲ, ಎಸೆದುಬಿಡು ಎಂದು ಹಲವು ಸಲ ಹೇಳಿದೆ. ಹೂಂ ಎನ್ನುತ್ತಾಳೆ. ಮಧ್ಯಾಹ್ನ ಊಟವಾದ ಮೇಲೆ ಅದಕ್ಕೇ ಬೆನ್ನು ಆನಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಾಳೆ.